ಕುಳಿತ ಕುರ್ಚಿ, ಬರೆದ ಪೆನ್ನು: ಇಂಗ್ಲಿಷಿನ ರಿಲೇಟಿವ್ ಪ್ರೊನೌನ್ ಬಳಸುವ ಬಗೆ

ಕುಳಿತ ಕುರ್ಚಿ, ಬರೆದ ಪೆನ್ನು, ಹುಟ್ಟಿದ ಊರು, ಸಾಲ ಕೊಟ್ಟ ಮನುಷ್ಯ. ಕನ್ನಡದಲ್ಲಿ ಈ ನಾಲ್ಕೂ ಒಂದೇ ಅಚ್ಚಿನವು: ಮೊದಲು ಕೃದಂತ, ಅಂದರೆ ಕ್ರಿಯಾಪದದಿಂದ ಹುಟ್ಟಿದ "ಕುಳಿತ", "ಬರೆದ" ಎಂಬಂಥ ರೂಪ, ಆಮೇಲೆ ನಾಮಪದ. ಬಿಡಿಸಿ ನೋಡಿದರೆ ಒಂದೊಂದೂ ಬೇರೆ. ಕುಳಿತದ್ದು ಕುರ್ಚಿಯ ಮೇಲೆ, ಬರೆದದ್ದು ಪೆನ್ನಿನಿಂದ, ಹುಟ್ಟಿದ್ದು ಊರಿನಲ್ಲಿ. ಸಾಲ ಕೊಟ್ಟ ಮನುಷ್ಯ ಅಂದಾಗ ಅವನು ಕೊಟ್ಟನೋ, ಅವನಿಗೆ ನಾವು ಕೊಟ್ಟೆವೋ, ಅದನ್ನು ಮಾತಿನ ಸಂದರ್ಭವೇ ಹೇಳಬೇಕು.

ಕೃದಂತ ಮಾಡುವಾಗ ಕನ್ನಡ ವಿಭಕ್ತಿಯನ್ನು ನುಂಗಿಬಿಡುತ್ತದೆ. ಕೇಳುವವರು ಅದನ್ನು ತಾವೇ ತುಂಬಿಕೊಳ್ಳುತ್ತಾರೆ. ಇಂಗ್ಲಿಷ್ ಹಾಗೆ ನುಂಗುವುದಿಲ್ಲ. ಕನ್ನಡದಲ್ಲಿ ಮಾಯವಾದ ವಿಭಕ್ತಿ ಅಲ್ಲಿ ಆನ್, ವಿತ್, ಇನ್, ಟು ಎಂಬ ಪ್ರಿಪೊಸಿಷನ್ ಆಗಿಯೋ, ಹೂ, ಹೂಮ್, ಹೂಸ್ ಎಂಬ ರೂಪಭೇದವಾಗಿಯೋ ಸಾಮಾನ್ಯವಾಗಿ ಕಾಣಿಸಿಕೊಳ್ಳುತ್ತದೆ. ಹೂ, ವಿಚ್, ದಟ್ ಹೀಗೆ ನಾಮಪದಕ್ಕೆ ಅದರ ವಿವರವನ್ನು ಜೋಡಿಸುವ ಪದಗಳೇ ರಿಲೇಟಿವ್ ಪ್ರೊನೌನ್. ನಾವು "ದ ಚೇರ್ ಐ ಸ್ಯಾಟ್" ಎಂದು ಬರೆದು ನಿಲ್ಲಿಸುತ್ತೇವೆ. ಬೇಕಾದದ್ದು "ದ ಚೇರ್ ಐ ಸ್ಯಾಟ್ ಆನ್". ವ್ಯಾಕರಣದ ಪುಸ್ತಕದಲ್ಲಿ ಹೂ ಮನುಷ್ಯರಿಗೆ, ವಿಚ್ ವಸ್ತುಗಳಿಗೆ ಎಂದು ಓದಿ ಬಾಯಿಪಾಠ ಮಾಡಿದವರೂ ಇಲ್ಲಿ ಎಡವುತ್ತಾರೆ, ಏಕೆಂದರೆ ಆ ನಿಯಮ ಈ ಗುಂಡಿಯ ಸುದ್ದಿಗೇ ಹೋಗುವುದಿಲ್ಲ.

ಉದಾಹರಣೆಗಳನ್ನು ಕನ್ನಡ ಲಿಪಿಯಲ್ಲೇ ಕೊಟ್ಟಿದೆ. ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಂಡು ಪ್ರತಿಯೊಂದನ್ನೂ ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಳ್ಳುತ್ತಾ ಹೋಗಿ. ಮತ್ತೆ, ಈ ಬರಹದುದ್ದಕ್ಕೂ "ಹೂ" ಅಂದರೆ ಮುಡಿಯುವ ಹೂವಲ್ಲ.

ಐದು ಹೆಜ್ಜೆ, ಒಂದೇ ವಾಕ್ಯ

"ನೀವು ನಿನ್ನೆ ಮಾತಾಡಿದ ಮೇಷ್ಟ್ರು ಬಂದಿದ್ದಾರೆ." ಇದನ್ನು ಇಂಗ್ಲಿಷಿಗೆ ತರೋಣ.

1. ವಾಕ್ಯವನ್ನು ಕನ್ನಡದಲ್ಲೇ ಎರಡಾಗಿ ಒಡೆಯಿರಿ. ಮೇಷ್ಟ್ರು ಬಂದಿದ್ದಾರೆ. ನೀವು ನಿನ್ನೆ ಮೇಷ್ಟ್ರ ಜೊತೆ ಮಾತಾಡಿದಿರಿ. ಅಡಗಿದ್ದ "ಜೊತೆ" ಈಗ ಹೊರಬಂತು. ಈ ಹೆಜ್ಜೆಯನ್ನು ಹಾರಿಸಿದರೆ ಉಳಿದ ನಾಲ್ಕರಿಂದ ಪ್ರಯೋಜನವಿಲ್ಲ.

2. ಎರಡನ್ನೂ ಬೇರೆಬೇರೆಯಾಗಿ ಇಂಗ್ಲಿಷಿನಲ್ಲಿ ಬರೆಯಿರಿ. "ದ ಟೀಚರ್ ಹ್ಯಾಸ್ ಕಮ್. ಯು ಸ್ಪೋಕ್ ಟು ಹಿಮ್ ಯೆಸ್ಟರ್ಡೇ." ನಮ್ಮ "ಜೊತೆ" ಇಲ್ಲಿ "ಟು" ಆಯಿತು. ಯಾವ ಪ್ರಿಪೊಸಿಷನ್ ಬರಬೇಕೆಂದು ತೀರ್ಮಾನಿಸುವುದು ಇಂಗ್ಲಿಷಿನ ಕ್ರಿಯಾಪದ, ಕನ್ನಡದ ಪ್ರತ್ಯಯವಲ್ಲ.

3. ಎರಡನೇ ವಾಕ್ಯದಲ್ಲಿ ಮೇಷ್ಟ್ರನ್ನು ಸೂಚಿಸುವ ಪದ "ಹಿಮ್". ಅದರ ಬದಲು "ಹೂಮ್" ಹಾಕಿ.

4. ಆ "ಹೂಮ್" ಅನ್ನು ಎರಡನೇ ವಾಕ್ಯದ ತಲೆಗೆ ತನ್ನಿ: "ಹೂಮ್ ಯು ಸ್ಪೋಕ್ ಟು ಯೆಸ್ಟರ್ಡೇ". "ಟು" ಆದ ಮೇಲೆ ಹಿಮ್ ಇದ್ದ ಜಾಗ ಖಾಲಿಯಾಯಿತು. ಖಾಲಿಯೇ ಇರಲಿ, ಅಲ್ಲಿ ಮತ್ತೇನನ್ನೂ ತುರುಕಬೇಡಿ.

5. ಇಡೀ ತುಂಡನ್ನು "ಟೀಚರ್" ಪದಕ್ಕೆ ಅಂಟಿಸಿ ಕೂರಿಸಿ: "ದ ಟೀಚರ್ ಹೂಮ್ ಯು ಸ್ಪೋಕ್ ಟು ಯೆಸ್ಟರ್ಡೇ ಹ್ಯಾಸ್ ಕಮ್." ಕನ್ನಡದಲ್ಲಿ ಮೇಷ್ಟ್ರಿಗಿಂತ ಮುಂಚೆ ಬಂದ ವಿವರ ಇಲ್ಲಿ ಮೇಷ್ಟ್ರಿಗೂ ಅವರ ಕ್ರಿಯಾಪದಕ್ಕೂ ನಡುವೆ ಬಂದು ಕೂತಿದೆ.

ಮಾತಿನಲ್ಲಿ "ಹೂಮ್" ಬಿಟ್ಟು "ದ ಟೀಚರ್ ಯು ಸ್ಪೋಕ್ ಟು" ಅಂದರೆ ಸಾಕು. ಅರ್ಜಿಯಲ್ಲೋ ಆಫೀಸಿನ ಪತ್ರದಲ್ಲೋ "ದ ಟೀಚರ್ ಟು ಹೂಮ್ ಯು ಸ್ಪೋಕ್" ಎಂದು "ಟು"ವನ್ನೂ ಮುಂದಕ್ಕೆ ತರಬಹುದು. ಎರಡೂ ಸರಿ. "ಟು" ಮಾಯವಾದರೆ ಮಾತ್ರ ತಪ್ಪು.

ನಾಲ್ಕನೇ ಹೆಜ್ಜೆಯ ಖಾಲಿ ಜಾಗ ನಮಗೆ ಕಿರಿಕಿರಿ ಮಾಡುತ್ತದೆ. "ದ ಬುಕ್ ವಿಚ್ ಐ ಬಾಟ್ ಇಟ್ ಈಸ್ ಲಾಸ್ಟ್" ಎಂದು ಬರೆಯುವುದು ಆ ಕಿರಿಕಿರಿಯಿಂದಲೇ. ಕನ್ನಡದ ಇನ್ನೊಂದು ರಚನೆ ಅದಕ್ಕೆ ಕುಮ್ಮಕ್ಕು ಕೊಡುತ್ತದೆ: "ಯಾವ ಪುಸ್ತಕ ಕೊಂಡೆನೋ ಅದು ಕಳೆದುಹೋಯಿತು". ನಮ್ಮಲ್ಲಿ "ಯಾವ" ಬಂದರೆ ಅದಕ್ಕೆ ಉತ್ತರವಾಗಿ "ಅದು" ಬರಬೇಕು, "ಯಾರು" ಬಂದರೆ "ಅವರು". ಇಂಗ್ಲಿಷಿನಲ್ಲಿ "ವಿಚ್" ಒಂದೇ ಆ ಎರಡರ ಕೆಲಸವನ್ನೂ ಮುಗಿಸುತ್ತದೆ, "ಇಟ್" ಹೆಚ್ಚುವರಿ. "ಯಾರು ಮೊದಲು ಬರುತ್ತಾರೋ ಅವರಿಗೆ ಸೀಟು" ಎಂಬುದು "ಹೂ ಕಮ್ಸ್ ಫಸ್ಟ್, ಹೀ ವಿಲ್ ಗೆಟ್ ದ ಸೀಟ್" ಆಗುವುದಿಲ್ಲ. "ಹೂಎವರ್ ಕಮ್ಸ್ ಫಸ್ಟ್ ವಿಲ್ ಗೆಟ್ ದ ಸೀಟ್" ಎನ್ನಿ, ಅಥವಾ "ದ ಪರ್ಸನ್ ಹೂ ಕಮ್ಸ್ ಫಸ್ಟ್" ಎಂದು ಶುರುಮಾಡಿ.

ವಿಭಕ್ತಿ ಸಿಕ್ಕಿತು, ಮುಂದೆ?

ಶಾಲೆಯಲ್ಲಿ ಪ್ರಥಮಾದಿಂದ ಸಪ್ತಮಿಯವರೆಗೆ ಉ, ಅನ್ನು, ಇಂದ, ಗೆ, ದೆಸೆಯಿಂದ, ಅ, ಅಲ್ಲಿ ಎಂದು ಹಾಡಿದ್ದು ಈಗ ಕೆಲಸಕ್ಕೆ ಬರುತ್ತದೆ.

ಅಡಗಿರುವುದು ಪ್ರಥಮಾ ಆದರೆ, ಅಂದರೆ ಹುಡುಗನೇ ಬಂದದ್ದು, ಬಸ್ಸೇ ಕೆಟ್ಟದ್ದು ಎಂದಾದರೆ, ಮನುಷ್ಯರಿಗೆ ಹೂ, ವಸ್ತುವಿಗೆ ವಿಚ್ ಅಥವಾ ದಟ್. "ದ ಬಾಯ್ ಹೂ ಕೇಮ್", "ದ ಬಸ್ ದಟ್ ಬ್ರೋಕ್ ಡೌನ್". ಇವನ್ನು ಬಿಡುವ ಹಾಗಿಲ್ಲ. "ದ ಬಾಯ್ ಕೇಮ್ ಯೆಸ್ಟರ್ಡೇ ಈಸ್ ಮೈ ಕಸಿನ್" ಎಂದು ಬರೆದರೆ ಓದುವವರು "ಈಸ್" ಹತ್ತಿರ ಮುಗ್ಗರಿಸುತ್ತಾರೆ. ಮನೆಯಲ್ಲಿ ಹೆಸರಿಟ್ಟು ಸಾಕಿದ ನಾಯಿಗೆ "ಹೂ" ಬಳಸುವುದುಂಟು, ಬೀದಿನಾಯಿಗೆ ದಟ್ ಅಥವಾ ವಿಚ್.

ದ್ವಿತೀಯಾ ಆದರೆ ಹೂಮ್, ವಿಚ್, ದಟ್, ಇಲ್ಲವೇ ಏನೂ ಬೇಡ: "ದ ಬಸ್ ಐ ಮಿಸ್ಡ್". ಇಲ್ಲಿ ಇಂಗ್ಲಿಷಿನ ಶಿಸ್ತಿಗೆ ಒಂದು ಬೆಲೆಯಿದೆ. "ಹುಲಿ ಕೊಂದ ಬೇಟೆಗಾರ" ಅಂದರೆ ಸತ್ತದ್ದು ಯಾರು? ಕನ್ನಡದಲ್ಲಿ "ಹುಲಿಯನ್ನು ಕೊಂದ" ಎಂದು ಬಿಡಿಸಿ ಹೇಳುವವರೆಗೂ ಅನುಮಾನ. "ದ ಹಂಟರ್ ಹೂ ಕಿಲ್ಡ್ ದ ಟೈಗರ್" ಎಂದರೆ ಬೇಟೆಗಾರ ಉಳಿದ, "ದ ಹಂಟರ್ ಹೂಮ್ ದ ಟೈಗರ್ ಕಿಲ್ಡ್" ಎಂದರೆ ಹೋದ.

ಷಷ್ಠಿ ಆದರೆ ಹೂಸ್. ಇದು ಮನುಷ್ಯರಿಗೆ ಮಾತ್ರ ಎಂದು ಹಲವರು ಅಂದುಕೊಂಡಿದ್ದಾರೆ, ಹಾಗೇನಿಲ್ಲ. "ಎ ಹೌಸ್ ಹೂಸ್ ರೂಫ್ ಲೀಕ್ಸ್", ಮಾಡು ಸೋರುವ ಮನೆ, ಚೆನ್ನಾದ ಇಂಗ್ಲಿಷ್. ಇದನ್ನು ತಪ್ಪಿಸಲು "ದ ರೂಫ್ ಆಫ್ ವಿಚ್" ಎಂದು ಸುತ್ತಿ ಬಳಸಿ ಬರೆಯುವ ಅಗತ್ಯ ಬಹಳ ಸಲ ಇರುವುದಿಲ್ಲ. ಸ್ಪೆಲ್ಲಿಂಗಿನಲ್ಲಿ ಮಾತ್ರ ಎಚ್ಚರ: ಷಷ್ಠಿಯ ಹೂಸ್ ಎಂದರೆ ಡಬ್ಲ್ಯೂ, ಎಚ್, ಓ, ಎಸ್, ಇ. ಓ ಮತ್ತು ಎಸ್ ನಡುವೆ ಮೇಲೆ ಕೊಂಬಿನಂಥ ಅಪಾಸ್ಟ್ರಫಿ ಇದ್ದರೆ ಅದು "ಹೂ ಈಸ್" ಅಥವಾ "ಹೂ ಹ್ಯಾಸ್" ಎಂಬುದರ ಮೊಟಕು. ಉಚ್ಚಾರ ಒಂದೇ ಆದ್ದರಿಂದ ಕಿವಿ ಇಲ್ಲಿ ನೆರವಿಗೆ ಬರದು. "ಹೂ ಈಸ್" ಎಂದು ಬಿಡಿಸಿ ಓದಿ ನೋಡಿ, ಅರ್ಥ ಕೂಡದಿದ್ದರೆ ಅಪಾಸ್ಟ್ರಫಿ ತೆಗೆಯಿರಿ.

ತೃತೀಯಾ, ಚತುರ್ಥಿ, ಸಪ್ತಮಿ ಆದರೆ ಪ್ರಿಪೊಸಿಷನ್ ಉಳಿಯಬೇಕು: "ದ ಪೆನ್ ಐ ರೋಟ್ ವಿತ್", "ದ ಮ್ಯಾನ್ ಐ ಲೆಂಟ್ ಮನಿ ಟು", "ದ ಟೌನ್ ಐ ವಾಸ್ ಬಾರ್ನ್ ಇನ್". ಪಂಚಮಿಯ "ದೆಸೆಯಿಂದ" ಪಾಠದ ಕೋಷ್ಟಕದಾಚೆ ಅಷ್ಟಾಗಿ ಕಾಣುವುದಿಲ್ಲ, ಅದನ್ನು ಅಲ್ಲೇ ಬಿಡೋಣ.

ಲೆಕ್ಕ ತಪ್ಪುವ ಜಾಗಗಳು

ಕನ್ನಡದ ವಿಭಕ್ತಿಯನ್ನು ಹುಡುಕಿ ತೆಗೆದರೂ ಅದನ್ನು ಹಾಗೇ ಇಂಗ್ಲಿಷಿಗೆ ಹಾಕಲಾಗದ ಸಂದರ್ಭಗಳಿವೆ. ಎರಡನೇ ಹೆಜ್ಜೆ ಇರುವುದೇ ಅದಕ್ಕೆ. "ಜ್ವರ ಬಂದ ಮಗು" ಬಿಡಿಸಿದರೆ "ಮಗುವಿಗೆ ಜ್ವರ ಬಂತು", ಚತುರ್ಥಿ. ಆದರೆ ಇಂಗ್ಲಿಷಿನಲ್ಲಿ ಜ್ವರ ಮಗುವಿಗೆ ಬರುವುದಿಲ್ಲ, ಮಗು ಜ್ವರವನ್ನು ಹೊಂದಿರುತ್ತದೆ: "ದ ಚೈಲ್ಡ್ ಹ್ಯಾಸ್ ಎ ಫೀವರ್". ಹಾಗಾಗಿ "ದ ಚೈಲ್ಡ್ ಹೂ ಹ್ಯಾಸ್ ಎ ಫೀವರ್". ಹಣ ಇಲ್ಲದವರು "ದೋಸ್ ಹೂ ಹ್ಯಾವ್ ನೋ ಮನಿ" ಆಗುವುದೂ ಹೀಗೆಯೇ. ಕನ್ನಡದಲ್ಲಿ "ಮಗುವಿಗೆ" ಎಂಬಂಥ ಚತುರ್ಥಿಯ ಜೊತೆ ಬರುವುದು, ಇರುವುದು, ಆಗುವುದು, ಬೇಕು, ಗೊತ್ತು ಎಂಬ ಪದಗಳಿರುವ ಕಡೆ ಈ ಅದಲುಬದಲು ಸಾಮಾನ್ಯ ಎಂದು ಗುರುತು ಹಾಕಿಕೊಳ್ಳಿ.

ಇನ್ನೊಂದು ಜಾಗ "ವೇರ್". ಊರು, ಮನೆ, ಜಾಗ ಎಂಬ ಪದ ಕಂಡೊಡನೆ ವೇರ್ ಹಾಕುವ ಚಟ ನಮಗಿದೆ. "ಹಂಪಿ ಈಸ್ ದ ಪ್ಲೇಸ್ ವೇರ್ ಐ ವಿಸಿಟೆಡ್ ಲಾಸ್ಟ್ ಇಯರ್" ತಪ್ಪು. ಎರಡನೇ ವಾಕ್ಯವನ್ನು ಬರೆದು ನೋಡಿ. "ಐ ವಿಸಿಟೆಡ್ ಇಟ್" ಎನ್ನುತ್ತೇವೆ, "ಐ ವಿಸಿಟೆಡ್ ದೇರ್" ಎನ್ನುವುದಿಲ್ಲ. ಇಟ್ ಬಂದರೆ ವಿಚ್ ಅಥವಾ ದಟ್, ದೇರ್ ಬಂದರೆ ವೇರ್. "ಐ ಸ್ಟೇಡ್ ದೇರ್" ಆದ್ದರಿಂದ "ದ ಪ್ಲೇಸ್ ವೇರ್ ಐ ಸ್ಟೇಡ್" ಸರಿ. ಕಾಲಕ್ಕೂ ಇದೇ ಪರೀಕ್ಷೆ: "ದ ಡೇ ವೆನ್ ವಿ ಮೆಟ್", ಆದರೆ "ದ ಡೇ ದಟ್ ವಿ ಸೆಲಬ್ರೇಟ್".

ಹೂಮ್ ವಿಚಾರಕ್ಕೆ ಬಂದರೆ, ಅದು ಮಾತಿನಿಂದ ಹೆಚ್ಚುಕಡಿಮೆ ಮರೆಯಾಗಿದೆ. "ದ ಮ್ಯಾನ್ ಹೂ ಐ ಮೆಟ್" ಎಂದು ಮಾತಾಡಿದರೆ ಯಾರೂ ತಿದ್ದುವುದಿಲ್ಲ, ಬರಹದಲ್ಲಿ ಹೂಮ್ ಇಡುವುದು ವಾಸಿ. ಪ್ರಿಪೊಸಿಷನ್ ಮುಂದೆ ಬಂದಾಗ ಮಾತ್ರ ಅದು ಕಡ್ಡಾಯ: ಟು ಹೂಮ್, ವಿತ್ ಹೂಮ್, ಫ್ರಮ್ ಹೂಮ್. ಭಾಷೆ ಬಲ್ಲವರು ಜಾರುವುದು ಬೇರೆಡೆ. "ದ ಮ್ಯಾನ್ ಹೂಮ್ ಐ ಥಿಂಕ್ ಈಸ್ ಆನೆಸ್ಟ್" ಎಂಬುದು ಬಹಳ ಶಿಷ್ಟವಾಗಿ ಕೇಳಿಸುತ್ತದೆ, ಆದರೆ ತಪ್ಪು. ನಡುವಿನ "ಐ ಥಿಂಕ್" ಅನ್ನು ಬೆರಳಿನಿಂದ ಮುಚ್ಚಿ. "ಹೀ ಈಸ್ ಆನೆಸ್ಟ್" ಉಳಿಯುತ್ತದೆ, ಹೀ ಇದ್ದಲ್ಲಿ ಹೂ. ಹಾಗೆಯೇ "ಗಿವ್ ಇಟ್ ಟು ಹೂಎವರ್ ಕಮ್ಸ್ ಫಸ್ಟ್". ಹಿಂದೆ "ಟು" ಇದೆ ಎಂದು ಹೂಮ್‌ಎವರ್ ಹಾಕಬೇಡಿ, ಬರುವ ಕೆಲಸ ಅವರದೇ. ಇನ್ನು ನಮ್ಮ ಸರ್ಟಿಫಿಕೇಟುಗಳ ನೆತ್ತಿಯ ಮೇಲೆ ರಾರಾಜಿಸುವ "ಟು ಹೂಮ್‌ಸೋಎವರ್ ಇಟ್ ಮೇ ಕನ್ಸರ್ನ್". ಅಲ್ಲಿ ಹೂಮ್ ಒಂದೇ ಸಾಕು. ಆ ಬಾಲದಿಂದ ಕಾಗದಕ್ಕೆ ತೂಕ ಬಂದೀತು, ಅರ್ಥವೇನೂ ಹೆಚ್ಚುವುದಿಲ್ಲ.

ಎರಡು ಕಾಮಾಗಳ ಬೆಲೆ

"ಮೈಸೂರಿನಲ್ಲಿರುವ ನನ್ನ ಅಣ್ಣ ಡಾಕ್ಟರು." ನಿಮಗೆ ಎಷ್ಟು ಜನ ಅಣ್ಣಂದಿರು? ಕನ್ನಡದ ವಾಕ್ಯ ಬಾಯಿ ಬಿಡುವುದಿಲ್ಲ. ಇಂಗ್ಲಿಷಿನಲ್ಲಿ ಎರಡು ಕಾಮಾಗಳು ಆ ಗುಟ್ಟು ಹೇಳಿಬಿಡುತ್ತವೆ.

"ಮೈ ಬ್ರದರ್ ಹೂ ಲಿವ್ಸ್ ಇನ್ ಮೈಸೂರು ಈಸ್ ಎ ಡಾಕ್ಟರ್" ಎಂದು ಕಾಮಾ ಇಲ್ಲದೆ ಬರೆದರೆ ಅಣ್ಣಂದಿರು ಹಲವರು, ಅವರಲ್ಲಿ ಮೈಸೂರಿನವರು ಡಾಕ್ಟರು. "ಮೈ ಬ್ರದರ್, ಹೂ ಲಿವ್ಸ್ ಇನ್ ಮೈಸೂರು, ಈಸ್ ಎ ಡಾಕ್ಟರ್" ಎಂದರೆ ಅಣ್ಣ ಒಬ್ಬರೇ, ಮೈಸೂರು ಎಂಬುದು ಸುಮ್ಮನೆ ಸೇರಿಸಿದ ಮಾಹಿತಿ. ಮೊದಲನೆಯದು ಗುರುತಿಸುತ್ತದೆ, ಎರಡನೆಯದು ವಿವರ ಸೇರಿಸುತ್ತದೆ. ಪರೀಕ್ಷೆ ಸುಲಭ: ಆ ತುಂಡನ್ನು ತೆಗೆದುಹಾಕಿ ಓದಿ. ಯಾರ ಬಗ್ಗೆ ಮಾತು ಎಂಬುದು ಆಗಲೂ ತಿಳಿದರೆ ಕಾಮಾ ಬೇಕು, ತಿಳಿಯದಿದ್ದರೆ ಬೇಡ. ಹೆಸರಿಗೆ ಅಂಟಿದ ವಿವರಕ್ಕೆ ಸಾಮಾನ್ಯವಾಗಿ ಕಾಮಾ ಬೇಕೇ ಬೇಕು, ಏಕೆಂದರೆ ಹೆಸರೇ ಗುರುತು: "ಬೆಂಗಳೂರು, ವಿಚ್ ಈಸ್ ದ ಕ್ಯಾಪಿಟಲ್ ಆಫ್ ಕರ್ನಾಟಕ, ...". ತೆರೆದ ಕಾಮಾವನ್ನು ಮುಚ್ಚುವುದನ್ನು ಮರೆಯಬೇಡಿ. ಮೊದಲನೆಯದನ್ನು ಹಾಕಿ ಎರಡನೆಯದನ್ನು ಬಿಡುವುದು ಆವರಣ ತೆರೆದು ಮುಚ್ಚದೆ ಹೋದ ಹಾಗೆ.

ಇದು ಅಲಂಕಾರದ ಮಾತಲ್ಲ ಎಂದು ತಿಳಿಯಲು ಒಂದು ನೋಟಿಸ್ ಬರೆದು ನೋಡಿ. "ಸ್ಟೂಡೆಂಟ್ಸ್ ಹೂ ಹ್ಯಾವ್ ನಾಟ್ ಪೇಡ್ ದ ಫೀಸ್ ವಿಲ್ ನಾಟ್ ಗೆಟ್ ಹಾಲ್ ಟಿಕೆಟ್ಸ್." ಫೀಸು ಕಟ್ಟದವರಿಗೆ ಮಾತ್ರ ಹಾಲ್ ಟಿಕೆಟ್ ಇಲ್ಲ. "ಸ್ಟೂಡೆಂಟ್ಸ್" ಆದ ಮೇಲೊಂದು, "ಫೀಸ್" ಆದ ಮೇಲೊಂದು ಕಾಮಾ ಹಾಕಿ. ಈಗ ವಿದ್ಯಾರ್ಥಿಗಳ ಪೈಕಿ ಒಬ್ಬರೂ ಫೀಸು ಕಟ್ಟಿಲ್ಲ, ಒಬ್ಬರಿಗೂ ಹಾಲ್ ಟಿಕೆಟ್ ಸಿಗುವುದಿಲ್ಲ.

ಇದರ ಜೊತೆಗೇ ದಟ್ ಮತ್ತು ವಿಚ್ ಜಗಳವೂ ಇತ್ಯರ್ಥವಾಗುತ್ತದೆ. ವಿವರ ಸೇರಿಸುವ ಕಾಮಾದ ನಂತರ ದಟ್ ಬರುವುದಿಲ್ಲ. ಪ್ರಿಪೊಸಿಷನ್ ಆದ ತಕ್ಷಣವೂ ಬರುವುದಿಲ್ಲ: "ದ ಹೌಸ್ ಇನ್ ದಟ್ ಐ ಲಿವ್" ಎಂಬ ಇಂಗ್ಲಿಷ್ ಇಲ್ಲವೇ ಇಲ್ಲ. ಕಾಮಾ ಇಲ್ಲದ, ಗುರುತಿಸುವ ತುಂಡಿನಲ್ಲಿ ಬ್ರಿಟಿಷರು ವಿಚ್, ದಟ್ ಎರಡನ್ನೂ ಬಳಸುತ್ತಾರೆ. ಅಮೆರಿಕದ ಸಂಪಾದಕರು ಅಲ್ಲಿ ದಟ್ ಮಾತ್ರ ಒಪ್ಪುವುದೇ ಹೆಚ್ಚು. ಅಮೆರಿಕದ ಕಂಪನಿಗೆ ವರದಿ ಬರೆಯುವವರು ದಟ್ ಹಿಡಿದರೆ ತೊಂದರೆಯಿಲ್ಲ. ಆಲ್, ಎವ್ರಿಥಿಂಗ್, ನಥಿಂಗ್, ದಿ ಓನ್ಲಿ, ದ ಬೆಸ್ಟ್ ಇವುಗಳ ನಂತರ ವಸ್ತುವಿನ ಮಾತು ಬಂದರೆ ಎರಡೂ ಕಡೆ ದಟ್ ಒಗ್ಗುತ್ತದೆ: "ಆಲ್ ದಟ್ ಹೀ ಸೆಡ್". "ಆಲ್ ವಾಟ್ ಹೀ ಸೆಡ್" ಎನ್ನುವುದು ತಪ್ಪು, ಏಕೆಂದರೆ ವಾಟ್ ತನ್ನ ಹೊಟ್ಟೆಯಲ್ಲೇ "ದ ಥಿಂಗ್ ವಿಚ್" ಎಂಬುದನ್ನು ಇಟ್ಟುಕೊಂಡಿದೆ. ಅದರ ಹಿಂದೆ ಇನ್ನೊಂದು ನಾಮಪದಕ್ಕೆ ಜಾಗವಿಲ್ಲ. "ವಾಟ್ ಹೀ ಸೆಡ್ ಈಸ್ ಟ್ರೂ" ಎಂದಷ್ಟೇ ಬರೆಯಿರಿ.

ಜಾಗ, ಕ್ರಿಯಾಪದ, ಕಾಲ

ಐದನೇ ಹೆಜ್ಜೆಯಲ್ಲಿ "ಅಂಟಿಸಿ" ಎಂದದ್ದು ಸುಮ್ಮನಲ್ಲ. "ಶೀ ಬಾಟ್ ಎ ಸ್ಯಾರಿ ಫ್ರಮ್ ಎ ಶಾಪ್ ದಟ್ ವಾಸ್ ಟೋರ್ನ್" ಎಂದರೆ ಹರಿದದ್ದು ಅಂಗಡಿ. ದಟ್ ತನಗೆ ಹತ್ತಿರದ ನಾಮಪದವನ್ನು ಹಿಡಿದುಕೊಳ್ಳುತ್ತದೆ. "ಫ್ರಮ್ ಎ ಶಾಪ್ ಶೀ ಬಾಟ್ ಎ ಸ್ಯಾರಿ ದಟ್ ವಾಸ್ ಟೋರ್ನ್" ಎಂದು ತಿರುಗಿಸಿ, ಅಥವಾ "ಎ ಟೋರ್ನ್ ಸ್ಯಾರಿ" ಎಂದು ಚುಟುಕಾಗಿಸಿ.

ಕ್ರಿಯಾಪದ ಏಕವಚನವೋ ಬಹುವಚನವೋ ಎಂಬುದು ಹೂ ಹಿಂದಿರುವ ಪದದ ಮೇಲೆ ನಿಂತಿದೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಈ ಜೋಡಿಯನ್ನು ಬರೆದಿಟ್ಟುಕೊಳ್ಳಿ: "ಶೀ ಈಸ್ ಒನ್ ಆಫ್ ದ ಗರ್ಲ್ಸ್ ಹೂ ಸಿಂಗ್ ವೆಲ್", ಏಕೆಂದರೆ ಚೆನ್ನಾಗಿ ಹಾಡುವ ಹುಡುಗಿಯರು ಹಲವರು. "ಶೀ ಈಸ್ ದಿ ಓನ್ಲಿ ಒನ್ ಆಫ್ ದ ಗರ್ಲ್ಸ್ ಹೂ ಸಿಂಗ್ಸ್ ವೆಲ್", ಏಕೆಂದರೆ ಹಾಡುವವಳು ಒಬ್ಬಳೇ.

ಕೃದಂತ ವಿಭಕ್ತಿಯ ಜೊತೆ ಕಾಲವನ್ನೂ ಮಸುಕು ಮಾಡುತ್ತದೆ. "ಇಲ್ಲಿಗೆ ಬರುವ ಬಸ್ಸು" ದಿನಾ ಬರುವುದೋ, ಈಗ ಬರುತ್ತಿರುವುದೋ, ನಾಳೆ ಬರಲಿರುವುದೋ? ಇಂಗ್ಲಿಷಿನಲ್ಲಿ "ದಟ್ ಕಮ್ಸ್", "ದಟ್ ಈಸ್ ಕಮಿಂಗ್", "ದಟ್ ವಿಲ್ ಕಮ್" ಎಂಬ ಮೂರರಲ್ಲಿ ಒಂದನ್ನು ಆರಿಸಲೇಬೇಕು. ನಿಷೇಧ ಕೃದಂತ ಇನ್ನೂ ಗುಟ್ಟಿನದು. "ಓದದ ಹುಡುಗ" ನಿನ್ನೆ ಓದದವನೂ ಹೌದು, ಎಂದೂ ಓದದವನೂ ಹೌದು. "ಡಿಡ್ ನಾಟ್" ಬರೆಯಬೇಕೋ "ಡಸ್ ನಾಟ್" ಬರೆಯಬೇಕೋ ಎಂಬುದನ್ನು ಮೊದಲ ಹೆಜ್ಜೆಯಲ್ಲೇ, ವಾಕ್ಯ ಒಡೆಯುವಾಗಲೇ ತೀರ್ಮಾನಿಸಿ.

ಕೈ ಪಳಗಲು ಐದು

ಉತ್ತರದ ಮೇಲೆ ಕೈಯಿಟ್ಟು ಮುಚ್ಚಿ, ನೀವೇ ಒಂದು ಸಲ ಬರೆದು, ಆಮೇಲೆ ನೋಡಿ.

ನಾನು ಕೆಲಸ ಮಾಡುವ ಕಂಪನಿ: "ದ ಕಂಪನಿ ಐ ವರ್ಕ್ ಫಾರ್". ಕೊನೆಯ ಫಾರ್ ಬಿಟ್ಟಿದ್ದರೆ ಮತ್ತೆ ಮೊದಲ ಹೆಜ್ಜೆಗೆ ಹೋಗಿ.

ಅಪ್ಪ ತೀರಿಕೊಂಡ ಹುಡುಗ: "ದ ಬಾಯ್ ಹೂಸ್ ಫಾದರ್ ಡೈಡ್". ಅಡಗಿದ್ದದ್ದು ಷಷ್ಠಿ, ಹುಡುಗನ ಅಪ್ಪ. "ದ ಬಾಯ್ ಹೂ ಫಾದರ್ ಡೈಡ್" ಎಂದು ಬರೆಯುವವರು ಬಹಳ.

ಮಳೆ ಬಾರದ ವರ್ಷ: "ದ ಇಯರ್ ವೆನ್ ಇಟ್ ಡಿಡ್ ನಾಟ್ ರೈನ್". ಗದ್ದೆಯ ಭಾಷೆಯಲ್ಲಿ ಹೇಳಬೇಕಾದರೆ "ದ ಇಯರ್ ದ ರೈನ್ಸ್ ಫೇಲ್ಡ್".

ಬಾಗಿಲ ಹತ್ತಿರ ನಿಂತಿರುವ ಮನುಷ್ಯ: "ದ ಮ್ಯಾನ್ ಹೂ ಈಸ್ ಸ್ಟ್ಯಾಂಡಿಂಗ್ ನಿಯರ್ ದ ಡೋರ್". "ಹೂ ಈಸ್" ಎರಡನ್ನೂ ತೆಗೆದರೂ ನಡೆಯುತ್ತದೆ, ಒಂದನ್ನು ಮಾತ್ರ ತೆಗೆದರೆ ನಡೆಯುವುದಿಲ್ಲ.

ಅನ್ನ ಮಾಡಿದ ಪಾತ್ರೆ: "ದ ವೆಸೆಲ್ ಇನ್ ವಿಚ್ ದ ರೈಸ್ ವಾಸ್ ಕುಕ್ಡ್". ಮಾಡಿದ್ದು ಯಾರು ಎಂದು ಕನ್ನಡ ಹೇಳಿಲ್ಲ, ಅದಕ್ಕೇ "ವಾಸ್ ಕುಕ್ಡ್". "ದ ವೆಸೆಲ್ ದಟ್ ಕುಕ್ಡ್ ದ ರೈಸ್" ಎಂದು ಬರೆದಿದ್ದರೆ, ನಿಮ್ಮ ಮನೆಯಲ್ಲಿ ಅಡುಗೆಗೆ ನಿಲ್ಲುವುದು ಪಾತ್ರೆಯೇ.